ಸಕ್ಕರೆ ತಿನ್ನುವ ಗಂಟು

"ಇದು ದ್ರಾಕ್ಷಾಯಣಿಯವರ ರಕ್ತವೇ ಅಲ್ಲ!"

ಡಾಕ್ಟರ್ ಆಂಡಾಳ್ ಪಿಂಗಾಣಿ ಬಿಲ್ಲೆಯನ್ನು ಕಿಟಕಿಯ ಬೆಳಕಿಗೆ ಓರೆ ಮಾಡಿದಳು. ಬಿಲ್ಲೆಯ ಮೇಲಿನ ಎರಡು ಹನಿಗಳೂ ನುಣ್ಣಗೆ ಹರಡಿಕೊಂಡಿದ್ದವು. ಒಂದರಲ್ಲೂ ಕಾಳು ಕಟ್ಟಿರಲಿಲ್ಲ.

"ಇದು ಓ ಗುಂಪು. ದ್ರಾಕ್ಷಾಯಣಿಯವರದು ಬಿ. ಹೆರಿಗೆಯಲ್ಲಿ ಅವರ ಮಗು ಹೋದಾಗ ಇದೇ ಆಸ್ಪತ್ರೆಯಲ್ಲಿ ಅವರಿಗೆ ರಕ್ತ ಕೊಟ್ಟಿದ್ದರು, ದೊಡ್ಡ ಡಾಕ್ಟರಿಗೇ ನೆನಪಿದೆ. ಹುಟ್ಟುವಾಗ ಯಾವ ಗುಂಪೋ ಸಾಯುವಾಗಲೂ ಅದೇ ಗುಂಪು."

"ಮುದ್ದಮ್ಮನ ಹೆಸರಿನ ಸೀಸೆ?" ಎಂದರು ಅನುಸೂಯಮ್ಮ.

"ಅದರಲ್ಲಿರೋದು ಬಿ. ಈಗ ತಾನೇ ಮುದ್ದಮ್ಮನ ಬೆರಳು ಚುಚ್ಚಿ ನೋಡಿ ಬಂದೆ. ಅವಳದು ಓ."

ಅನುಸೂಯಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ಸಂಸ್ಥಾನದ ಕಾಲದಿಂದ ಜೈಲಿನ ಹೆಂಗಸರ ವಿಭಾಗದಲ್ಲಿ ಮೇಟ್ರನ್ ಆಗಿದ್ದು, ನಿವೃತ್ತಿಯಾದ ಮೇಲೆ ಅರಸೀಕೆರೆಯಲ್ಲಿ ಮನೆ ಮಾಡಿಕೊಂಡಿದ್ದ ಅವರನ್ನು ಊರು 'ಜೈಲಮ್ಮ' ಎಂದೇ ಕರೆಯುತ್ತಿತ್ತು. ಪೊಲೀಸರ ಹತ್ತಿರ ಹೇಳಲಾಗದ ಸಂಗತಿಗಳನ್ನು ಜನ ಅವರ ಹತ್ತಿರ ತರುತ್ತಿದ್ದರು. ಗಿರಿಜಾಂಬಾ ಧರ್ಮಾಸ್ಪತ್ರೆಯ ಲ್ಯಾಬೊರೇಟರಿಯಲ್ಲಿ ಯಾರೋ ಕೈಯಾಡಿಸುತ್ತಿದ್ದಾರೆ ಎಂದು ಆಂಡಾಳ್ ಅವರನ್ನು ಹಿಂದಿನ ದಿನವಷ್ಟೇ ಕರೆಸಿದ್ದಳು.

"ಅಂದರೆ ಅದಲು ಬದಲು," ಎಂದರು ಅನುಸೂಯಮ್ಮ. "ನನಗೆ ಮತ್ತೆ ಒಂದು ಸಲ ಬಿಡಿಸಿ ಹೇಳಿ ಡಾಕ್ಟ್ರೇ. ಈ ಅದಲು ಬದಲಿನಿಂದ ಯಾರಿಗೆ ಏನಾಗುತ್ತೆ?"

ಆಂಡಾಳ್ ಬಾಯಿ ತೆರೆಯುವುದರೊಳಗೆ ಬಾಗಿಲಲ್ಲಿ ಬೂಟಿನ ಸದ್ದಾಯಿತು.

"ಏನಾಗುತ್ತೆ ಅಂತ ನಾನು ಹೇಳ್ತೀನಿ ಕೇಳಿ," ಎನ್ನುತ್ತ ಒಳಗೆ ಬಂದವರು ದೊಡ್ಡ ಡಾಕ್ಟರು ಅನಂತಸ್ವಾಮಿ. "ನಾಳೆ ಬೆಳಿಗ್ಗೆ ಮೈಸೂರಿನಿಂದ ಸರ್ಜನ್ ಬರ್ತಾರೆ. ಮತ್ತೆ ಬರೋದು ಯುಗಾದಿ ಕಳೆದ ಮೇಲೆ. ಬಂದ ದಿನ ಒಂದೇ ಒಂದು ದೊಡ್ಡ ಆಪರೇಷನ್ ಮಾಡಿ ಸಂಜೆ ಗಾಡಿಗೆ ಹೊರಟುಬಿಡ್ತಾರೆ. ಎದೆಯಲ್ಲಿ ಗಂಟಿರೋ ಹೆಂಗಸರು ಇಬ್ಬರು. ಮೊದಲು ಯಾರಿಗೆ? ಇಷ್ಟು ವರ್ಷ ನಾವು ಕೈಯಿಂದ ಮುಟ್ಟಿ ನೋಡಿ ಹೇಳ್ತಿದ್ದೆವು. ಈ ತಾಯಿ ಬಂದು ರಕ್ತದಲ್ಲಿ ಜ್ಯೋತಿಷ್ಯ ನೋಡೋಕೆ ಶುರು ಮಾಡಿದಳು."

"ಜ್ಯೋತಿಷ್ಯ ಅಲ್ಲ ಸಾರ್."

"ಮತ್ತೇನಮ್ಮಾ? ಆಸ್ಪತ್ರೆ ಕಮಿಟಿ ನಾಳೆ ಸಂಜೆ ಕೂರುತ್ತೆ. ಬಾಣಂತಿಯರನ್ನ ವರಾಂಡದಲ್ಲಿ ಮಲಗಿಸ್ತಿದ್ದೀವಿ. ಈ ಕೋಣೆ ಖಾಲಿಯಾದರೆ ಅವರಿಗೆ ಮಂಚ ಹಾಕಬಹುದು. ಅಷ್ಟೇ ನನ್ನ ವಾದ."

ಆಂಡಾಳ್ ಬೆನ್ನು ನೆಟ್ಟಗೆ ಮಾಡಿದಳು. ಬೇಲೂರು ಚೆನ್ನಕೇಶವನ ಗುಡಿಯಲ್ಲಿ ಸೇವೆ ಮಾಡುವ ಭಾಷ್ಯಂ ಅವರ ಮಗಳು. ಮಡಿ ಮನೆಯ ಹುಡುಗಿ ಹೆಣ ಕುಯ್ಯಲು ಹೋಗುತ್ತಾಳಂತೆ ಎಂದು ಅಗ್ರಹಾರ ಬಾಗಿಲು ಹಾಕಿಕೊಂಡಾಗ, ಭಾಷ್ಯಂ ಅವರೇ ಅವಳ ಟ್ರಂಕನ್ನು ತಲೆಯ ಮೇಲಿಟ್ಟುಕೊಂಡು ಬಸ್ಸಿನ ತನಕ ಬಂದಿದ್ದರು. ಅಂದಿನಿಂದ ಅವಳು ಯಾರ ಮುಂದೆಯೂ ತಲೆ ತಗ್ಗಿಸಿ ಮಾತಾಡಿದ್ದಿಲ್ಲ.

"ಅನುಸೂಯಮ್ಮನವರೇ, ಎರಡು ಗಂಟು ಒಂದೇ ಗಾತ್ರ ಇರಬಹುದು. ಆದರೆ ಸ್ವಭಾವ ಒಂದೇ ಅಲ್ಲ. ಒಂದು ವರ್ಷಗಟ್ಟಲೆ ಕೂತಲ್ಲೇ ಕೂತಿರುತ್ತೆ. ಇನ್ನೊಂದು ಬೆಂಕಿ ಬಿದ್ದ ಹುಲ್ಲಿನ ಮೆದೆ ಥರ ಓಡುತ್ತೆ. ಓಡೋ ಗಂಟು ಮೈಯೊಳಗಿನ ಸಕ್ಕರೆಯನ್ನ ಹಸಿದವರ ಹಾಗೆ ತಿನ್ನುತ್ತೆ. ತಿಂದು ಹುಳಿ ಮಾಡುತ್ತೆ. ಹಾಗೆ ಮಾಡೋಕೆ ಅದಕ್ಕೊಂದು ಕಿಣ್ವ ಬೇಕು. ಗಂಟು ಬಲಿತ ಹಾಗೆಲ್ಲ ಆ ಕಿಣ್ವ ರಕ್ತಕ್ಕೆ ಸೋರಿಕೊಳ್ಳುತ್ತೆ. ನಾನು ಅಳೆಯೋದು ಅದನ್ನ."

ಅವಳು ಮರದ ಚೌಕಟ್ಟಿನಲ್ಲಿ ನಿಲ್ಲಿಸಿದ್ದ ಎರಡು ಗಾಜಿನ ನಳಿಗೆಗಳನ್ನು ತೋರಿಸಿದಳು. ಒಂದರಲ್ಲಿ ಕಾಫಿ ಡಿಕಾಕ್ಷನ್ನಿನಂಥ ಕಂದು. ಇನ್ನೊಂದು ನೀರು ಬೆರೆಸಿದ ಹಾಗೆ ತೆಳು.

"ಕಿಣ್ವ ಹೆಚ್ಚಿದ್ದರೆ ಕಂದು ಬಣ್ಣ ತೆಳುವಾಗುತ್ತೆ. ಮುದ್ದಮ್ಮನ ಹೆಸರಿನದು ತೆಳು. ದ್ರಾಕ್ಷಾಯಣಿಯವರ ಹೆಸರಿನದು ಗಾಢ. ಮುದ್ದಮ್ಮನ ಗಂಟು ಓಡ್ತಿದೆ ಅಂತ ಅವಳ ಹೆಸರನ್ನೇ ಸರ್ಜನ್‌ಗೆ ಕಳಿಸಿದೆ. ಕಳಿಸಿದ ಮೇಲೆ ಅವಳನ್ನ ಇನ್ನೊಂದು ಸಲ ಮುಟ್ಟಿ ನೋಡಿದೆ. ಕಡಲೆಕಾಳಿನಷ್ಟು ಗಂಟು, ಬೆರಳಿಗೆ ಸಿಕ್ಕಿ ಜಾರುತ್ತೆ. ದ್ರಾಕ್ಷಾಯಣಿಯವರದು ನೆಲ್ಲಿಕಾಯಿಯಷ್ಟು. ಚರ್ಮ ಒಳಕ್ಕೆ ಎಳೆದುಕೊಂಡಿದೆ. ಕೈ ಒಂದು ಹೇಳ್ತಿದೆ, ರಕ್ತ ಒಂದು ಹೇಳ್ತಿದೆ."

"ಅಂದ ಮೇಲೆ ಪರೀಕ್ಷೆ ಸುಳ್ಳು," ಎಂದರು ಅನಂತಸ್ವಾಮಿ.

"ಪರೀಕ್ಷೆ ಸುಳ್ಳು ಹೇಳಿಲ್ಲ ಸಾರ್. ಅದಕ್ಕೆ ಸುಳ್ಳು ರಕ್ತ ಕೊಟ್ಟಿದ್ದಾರೆ. ಇದಿನ್ನೂ ಪೂರ್ತಿ ಸಾಬೀತಾದ ವಿದ್ಯೆ ಅಲ್ಲ ಅಂತ ನಾನೇ ಎಲ್ಲರಿಗೂ ಹೇಳ್ತೀನಿ. ಆದರೆ ಮೋಸದಿಂದ ಸೋಲಿಸೋಕೆ ಬಿಡೋದಿಲ್ಲ."

ಅನುಸೂಯಮ್ಮ ಸೀಸೆಗಳನ್ನು ಒಂದೊಂದಾಗಿ ಎತ್ತಿ ಕಣ್ಣಿನ ಹತ್ತಿರ ಹಿಡಿದರು. ಪರೀಕ್ಷೆಗೆ ಬೇಕಾದ ತಿಳಿಯನ್ನು ಬಸಿದುಕೊಂಡ ಮೇಲೆ ಉಳಿದ ಹೆಪ್ಪುರಕ್ತ ತಳದಲ್ಲಿತ್ತು. ಕತ್ತಿನ ಕೆಳಗೆ ಅಂಟಿಸಿದ ಚೀಟಿ.

"ಹೆಸರು ಬರೆದವರು?"

"ನಾನೇ. ರಕ್ತ ತೆಗೆಯೋದಕ್ಕೆ ಮೊದಲೇ ಅಂಟಿಸಿಟ್ಟಿದ್ದೆ."

"ಐಸ್ ಪೆಟ್ಟಿಗೆಯ ಬೀಗದ ಕೈ?"

ಆಂಡಾಳ್ ದೊಡ್ಡ ಡಾಕ್ಟರ ಕಡೆ ನೋಡಿದಳು. "ನನ್ನ ಹತ್ತಿರ ಒಂದು. ಇವರ ಹತ್ತಿರ ಒಂದು."

ಅನಂತಸ್ವಾಮಿಯವರ ಮುಖ ಕೆಂಪಾಯಿತು. "ನಾನು ಈ ಕೋಣೆ ಬೇಕು ಅಂತ ಎದುರಿಗೇ ಕೇಳಿದವನು. ಕಳ್ಳತನದಲ್ಲಿ ಸೀಸೆ ಬದಲಾಯಿಸೋ ಕುಲದವನಲ್ಲ!"

"ಕೋಪ ಮಾಡ್ಕೋಬೇಡಿ. ಸೀಸೆ ಯಾರೂ ಬದಲಾಯಿಸಿಲ್ಲ," ಎಂದರು ಅನುಸೂಯಮ್ಮ. "ಚೀಟಿ ನೋಡಿ. ಅಂಟಿನ ಅಂಚು ಎಲ್ಲೂ ಎದ್ದಿಲ್ಲ. ಬರೆದ ಮೇಲೆ ರಕ್ತದ ಹನಿ ತಾಗಿದೆ. ಆ ಹನಿ ಚೀಟಿಯಿಂದ ಗಾಜಿಗೆ ಒಂದೇ ಗೆರೆಯಾಗಿ ಇಳಿದಿದೆ. ಚೀಟಿ ಕಿತ್ತು ಅಂಟಿಸಿದ್ದರೆ ಗೆರೆ ಕಡಿದುಹೋಗ್ತಿತ್ತು. ಎರಡರದೂ ಹೀಗೇ ಇದೆ."

"ಹಾಗಾದರೆ?"

"ಸೀಸೆ ಬದಲಾಗಿಲ್ಲ ಡಾಕ್ಟ್ರೇ. ತೋಳು ಬದಲಾಗಿದೆ."

ಅನುಸೂಯಮ್ಮ ಸೀಸೆಗಳನ್ನು ಮೇಜಿನ ಮೇಲಿಟ್ಟರು.

"ಅಂದು ರಕ್ತ ತೆಗೆದವರು ಯಾರು?"

"ನಾನು ಹೆರಿಗೆಯೊಂದರಲ್ಲಿ ಸಿಕ್ಕಿಕೊಂಡಿದ್ದೆ," ಎಂದಳು ಆಂಡಾಳ್. "ನಮ್ಮ ನರ್ಸ್ ಶ್ರೀರಂಗಮ್ಮನಿಗೆ ಜ್ವರ. ಬದಲಿ ನರ್ಸು ಬಂದಿದ್ದಳು. ಅವಳಿಗೆ ಯಾರ ಮುಖವೂ ಪರಿಚಯ ಇಲ್ಲ."

"ಹೆಸರು ಕೂಗಿದಳು. ಎದ್ದು ಬಂದವರ ತೋಳು ಹಿಡಿದಳು. ಸರಿ, ಅವಳನ್ನ ಆಮೇಲೆ ನೋಡೋಣ." ಅನುಸೂಯಮ್ಮ ಕೊಡೆ ಎತ್ತಿಕೊಂಡರು. "ಮೊದಲು ಮುದ್ದಮ್ಮ ಎಲ್ಲಿದ್ದಾಳೆ ತೋರಿಸಿ."

*

ಮುದ್ದಮ್ಮ ಹೆಂಗಸರ ವಾರ್ಡಿನ ಕೊನೆಯ ಮಂಚದಲ್ಲಿ ಕಾಲು ಚಾಚಿ ಕೂತು ಕೂಸಿಗೆ ಹಾಲೂಡುತ್ತಿದ್ದಳು. ಕಣಕಟ್ಟೆಯ ರೈತ ತಿಮ್ಮಯ್ಯನ ಹೆಂಡತಿ. ಇಪ್ಪತ್ತು ದಾಟಿದ್ದರೆ ಹೆಚ್ಚು.

ಅನುಸೂಯಮ್ಮ ಮಂಚದ ಮೂಲೆಯಲ್ಲಿ ಕೂತರು. ಕೂಸಿನ ಅಂಗಾಲು ಸವರಿದರು.

"ಗಂಡೋ ಹೆಣ್ಣೋ?"

"ಹೆಣ್ಣು ಕಣವ್ವ. ಇದರ ಮ್ಯಾಲಿನವೂ ಹೆಣ್ಣೇ."

"ರಕ್ತ ತೆಗೆದ ದಿನ ನಿನ್ನ ಪಕ್ಕ ಬೆಂಚಿನ ಮೇಲೆ ಯಾರು ಕೂತಿದ್ದರು ಮುದ್ದಮ್ಮಾ?"

ಮುದ್ದಮ್ಮನ ಕೈ ಕೂಸಿನ ಬೆನ್ನ ಮೇಲೆ ನಿಂತಿತು.

"ಯಾರೋ ಟೀಚರಮ್ಮ."

"ಅವರ ಹೆಸರು ಕೂಗಿದಾಗ ನೀನು ಎದ್ದು ಹೋದೆ. ಅಲ್ವಾ?"

ಕೂಸು ಮೊಲೆ ಬಿಟ್ಟು ಅನುಸೂಯಮ್ಮನವರ ಕನ್ನಡಕದ ಕಡೆ ನೋಡಿತು.

"ನಾನೇನೂ ಯೋಳಂಗಿಲ್ಲ ಕಣವ್ವ," ಎಂದಳು ಮುದ್ದಮ್ಮ ಕೊನೆಗೆ. ಅವಳ ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಹಟವಿತ್ತು. "ಮಾಲೇಕಲ್ಲು ತಿಮ್ಮಪ್ಪನ ಮ್ಯಾಲೆ ಆಣೆ ಮಡಗಿವ್ನಿ. ನನ್ನ ಪ್ರಾಣ ಹೋದ್ರೂ ಸರಿ, ಆಣೆ ತಪ್ಪಾಕಿಲ್ಲ. ನಾವು ಬಡವ್ರು ಇರಬೈದು, ಮಾತು ತಪ್ಪೋ ಜನ ಅಲ್ಲ."

ಜೈಲಿನಲ್ಲಿ ಅನುಸೂಯಮ್ಮ ನೂರಾರು ಆಣೆಗಳನ್ನು ಕೇಳಿದ್ದರು. ನಿಜವಾದ ಆಣೆ ಹೇಗಿರುತ್ತದೆಂದು ಅವರಿಗೆ ಗೊತ್ತಿತ್ತು. ಈ ಹುಡುಗಿ ಸರದಿ ಕದ್ದವಳಲ್ಲ. ಯಾರೋ ಇವಳಿಗೆ ಕೊಟ್ಟಿದ್ದಾರೆ. ಏನು ಕೊಟ್ಟರೆಂಬುದು ಇವಳಿಗೇ ತಿಳಿದಿಲ್ಲ.

"ಆಣೆ ಮುರೀಬೇಡ ತಾಯಿ," ಎಂದು ಅವರು ಎದ್ದರು. "ಆಣೆ ಹಾಕಿಸಿಕೊಂಡವರನ್ನೇ ಹೋಗಿ ಕೇಳ್ತೀನಿ."

*

ಬಾಣಾವರ, ಜಾವಗಲ್ ದಾಟಿ ಬಸ್ಸು ಹಳೇಬೀಡು ತಲುಪಿದಾಗ ಮಧ್ಯಾಹ್ನದ ಬಿಸಿಲು ಓರೆಯಾಗಿತ್ತು. ಅರವತ್ತನಾಲ್ಕನೇ ಇಸವಿಯ ಮಾಘಮಾಸ. ಗುಡಿ ನೋಡಲು ಬಂದವರ ವ್ಯಾನೊಂದು ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿನ ನೆರಳಿನಲ್ಲೇ ನಿಂತಿತ್ತು.

ದಾರಿಯುದ್ದಕ್ಕೂ ಅನುಸೂಯಮ್ಮ ಒಂದೇ ವಿಷಯವನ್ನು ತಿರುವಿ ಹಾಕುತ್ತಿದ್ದರು. ದ್ರಾಕ್ಷಾಯಣಿ ಈ ಸ್ಕೂಲಿನ ಹೆಡ್‌ಮಿಸ್ಟ್ರೆಸ್. ಗಂಡ ಜಯದೇವಪ್ಪ ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ ಇಟ್ಟಿರುವವರು, ಆಸ್ಪತ್ರೆ ಕಮಿಟಿಯ ಅಧ್ಯಕ್ಷರು. ಬೇಕೆಂದರೆ ಸರ್ಜನ್‌ನನ್ನೇ ಮನೆಗೆ ಕರೆಸಬಲ್ಲವರು. ಅಂಥವರ ಹೆಂಡತಿ ತನ್ನ ಸರದಿಯನ್ನು ಯಾಕೆ ಬಿಟ್ಟುಕೊಡುತ್ತಾಳೆ?

ದ್ರಾಕ್ಷಾಯಣಿ ತರಗತಿಯಿಂದ ಹೊರಗೆ ಬಂದರು. ಎತ್ತರದ ಆಳು. ಹಣೆಯಲ್ಲಿ ವಿಭೂತಿ, ನೆರಿಗೆ ಕೆಡದ ಇಳಕಲ್ ಸೀರೆ. ಬಲಗೈಯಲ್ಲಿ ಸೀಮೆಸುಣ್ಣ. ಎಡಗೈಯನ್ನು ಮೈಗೆ ಒತ್ತಿ ಹಿಡಿದಿದ್ದರು. ಎತ್ತಿದರೆ ನೋಯುತ್ತದೆ ಎಂದು ನೋಡಿದೊಡನೆ ತಿಳಿಯುತ್ತಿತ್ತು.

ಇಬ್ಬರೂ ಕೆರೆಯ ಏರಿಯ ಮೇಲೆ ಹೋಗಿ ನಿಂತರು.

"ನೀವು ಪೊಲೀಸಿನವರೇ?"

"ಅಲ್ಲ. ಜೈಲಿನವಳು."

ದ್ರಾಕ್ಷಾಯಣಿಯವರ ತುಟಿಯಲ್ಲಿ ನಗೆಯ ಎಳೆಯೊಂದು ಬಂದು ಹೋಯಿತು.

"ಒಂದೇ ಪ್ರಶ್ನೆ ಮೇಡಂ. ಅಂದು ಆಸ್ಪತ್ರೆಯಲ್ಲಿ ನೀವು ಬೆಂಚು ಬಿಟ್ಟು ಎದ್ದದ್ದು ಯಾರ ಹೆಸರು ಕೂಗಿದಾಗ?"

"ನನ್ನ ಹೆಸರು ಕೂಗಿದಾಗ."

ಕಣ್ಣಲ್ಲಿ ಕಣ್ಣಿಟ್ಟು ಹೇಳಿದರು. ರೆಪ್ಪೆ ಕೂಡ ಅಲುಗಲಿಲ್ಲ.

"ನಿಮ್ಮ ಹೆಸರಿನ ಸೀಸೆಯಲ್ಲಿ ಓ ಗುಂಪಿನ ರಕ್ತ ಇದೆ. ಮುದ್ದಮ್ಮನ ಹೆಸರಿನದರಲ್ಲಿ ಬಿ ಗುಂಪು. ನಿಮ್ಮ ಗುಂಪು ಯಾವುದು ಅಂತ ನಿಮಗೂ ಗೊತ್ತು, ದೊಡ್ಡ ಡಾಕ್ಟರಿಗೂ ಗೊತ್ತು."

ದ್ರಾಕ್ಷಾಯಣಿ ನೀರಿನ ಕಡೆ ತಿರುಗಿದರು.

"ಮುದ್ದಮ್ಮ ಹೇಳಿದಳೇ?"

"ಇಲ್ಲ. ಪ್ರಾಣ ಹೋದರೂ ಹೇಳೋದಿಲ್ಲ ಅಂದಳು. ನೀವು ಆರಿಸಿದ ಹುಡುಗಿ ಗಟ್ಟಿ."

ನೀರಿನ ಕಡೆ ನೋಡುತ್ತಲೇ ದ್ರಾಕ್ಷಾಯಣಿ ಮಾತು ತೆಗೆದರು.

"ನನ್ನ ತಾಯಿಗೆ ಇದೇ ಬಂದಿತ್ತು. ಅಕ್ಕನಿಗೂ ಬಂದಿತ್ತು. ಇಬ್ಬರನ್ನೂ ತೊಳೆದು ಒರೆಸಿ ಕಳಿಸಿಕೊಟ್ಟವಳು ನಾನು. ನನ್ನ ಎದೆಯ ಗಂಟು ಎಂಥದು ಅಂತ ನನಗೆ ಯಾವ ಪರೀಕ್ಷೆಯೂ ಹೇಳಬೇಕಾಗಿರಲಿಲ್ಲ. ಅಂದು ಡಾಕ್ಟರಮ್ಮ ಹೆರಿಗೆಗೆ ಓಡೋದಕ್ಕೆ ಮುಂಚೆ ಬೆಂಚಿನ ಮೇಲಿದ್ದ ನಮ್ಮಿಬ್ಬರಿಗೂ ಸಕ್ಕರೆ ತಿನ್ನೋ ಗಂಟಿನ ವಿಷಯ ವಿವರಿಸಿದರು. ಎಷ್ಟು ಚೆನ್ನಾಗಿ ಹೇಳಿದರು ಗೊತ್ತೇ? ನಾನು ಟೀಚರ್, ನನಗೇ ಹೊಟ್ಟೆಕಿಚ್ಚಾಯಿತು. ಯಾರ ರಕ್ತ ಓಡೋ ಗಂಟಿನದು ಅಂತ ಬರುತ್ತೋ ಅವರಿಗೆ ಮೊದಲ ಸರದಿ ಅಂದರು. ಸರಿ, ಮೊದಲ ಸರದಿ ನನ್ನದು ಅಂತ ಗೊತ್ತಾಯಿತು."

"ಆಮೇಲೆ?"

"ಆಮೇಲೆ ಪಕ್ಕದಲ್ಲಿದ್ದ ಹುಡುಗಿ ಕೂಸನ್ನ ಅವುಚಿಕೊಂಡು ಕೇಳಿದಳು. 'ನಂಗೇನಾದ್ರೂ ಆದ್ರೆ ಇದಕ್ಕೆ ಹಾಲು ಯಾರು ಕೊಡ್ತಾರೆ ಟೀಚರಮ್ಮ?' ಅಂತ." ದ್ರಾಕ್ಷಾಯಣಿಯವರ ದನಿ ಗಟ್ಟಿಯಾಯಿತು. "ನನ್ನನ್ನ ಹಾಗೆ ಕೇಳುವ ಜೀವ ಈ ಭೂಮಿಯ ಮೇಲೆ ಉಳಿಯಲಿಲ್ಲ. ನನ್ನ ಮಗು ಹಾಲು ಕುಡಿಯದೇ ಹೋಯಿತು. 'ನಿನ್ನ ಹೆಸರು ಕೂಗಿದಾಗ ನಾನು ಏಳ್ತೀನಿ, ನನ್ನ ಹೆಸರು ಕೂಗಿದಾಗ ನೀನು ಏಳು, ಡಾಕ್ಟರು ನಿನ್ನನ್ನೇ ಮೊದಲು ನೋಡ್ತಾರೆ' ಅಂದೆ. ಆಣೆ ಹಾಕಿಸಿಕೊಂಡೆ. ಇದರಲ್ಲಿ ನನಗೆ ನಾಚಿಕೆ ಇಲ್ಲ. ನಾನು ಕೊಟ್ಟೆ. ಹೆಮ್ಮೆಯಿಂದ ಕೊಟ್ಟೆ."

ಅನುಸೂಯಮ್ಮ ಮೂವತ್ತು ವರ್ಷ ಕೈದಿಗಳ ನಡುವೆ ಕಳೆದ ಹೆಂಗಸು. ಸ್ವಂತ ಜೀವವನ್ನೇ ಇಷ್ಟು ನೆಟ್ಟಗೆ ನಿಂತು ಕೊಟ್ಟುಬಿಟ್ಟ ಆರೋಪಿ ಅವರಿಗೆ ಇದುವರೆಗೆ ಎದುರಾಗಿರಲಿಲ್ಲ. ಕೈಮುಗಿಯಬೇಕು ಎನ್ನಿಸಿತು. ಆದರೆ ಕೈಮುಗಿದು ಹೋಗಲು ಅವರು ಬಂದಿರಲಿಲ್ಲ.

"ನೀವು ಏನು ಕೊಟ್ಟಿರಿ ಅಂತ ನಿಮಗೆ ಗೊತ್ತೇ ಮೇಡಂ?"

"ನನ್ನ ಸರದಿ."

"ಅಲ್ಲ. ನಿಮ್ಮ ರೋಗ." ಅನುಸೂಯಮ್ಮ ಕೊಡೆಯನ್ನು ನೆಲಕ್ಕೆ ಊರಿದರು. "ಮುದ್ದಮ್ಮನದು ಕಡಲೆಕಾಳಿನಷ್ಟು ಗಂಟು, ಕೂತಿರೋ ಗಂಟು. ಸಣ್ಣದಾಗಿ ಕುಯ್ದು ತೆಗೆದು ನೋಡಿದರೆ ಸಾಕು ಅಂತಾರೆ ಡಾಕ್ಟರು. ಯುಗಾದಿ ಕಳೆಯೋ ತನಕ ಕಾದರೂ ನಡೆಯುತ್ತೆ. ಆದರೆ ನಾಳೆ ಬರೋ ಸರ್ಜನ್ ಕೈಗೆ ಸಿಗೋದು ನಿಮ್ಮ ರಕ್ತದ ಫಲ. ಓಡೋ ಗಂಟು ಅಂದ ಮೇಲೆ ಅವರು ಸುಮ್ಮನಿರ್ತಾರಾ? ಇಡೀ ಎದೆ ತೆಗೀತಾರೆ. ಅದರ ಕೆಳಗಿನ ಮಾಂಸ ತೆಗೀತಾರೆ. ಕಂಕುಳ ತನಕ ಬಗೀತಾರೆ. ಆ ಕೂಸಿನ ಹಾಲು ಉಳಿಸೋಕೆ ಹೋಗಿ ಹಾಲನ್ನೇ ಕುಯ್ಯಿಸ್ತಿದ್ದೀರಿ."

ಸೀಮೆಸುಣ್ಣ ದ್ರಾಕ್ಷಾಯಣಿಯವರ ಕೈಯಿಂದ ಜಾರಿತು.

"ಕೂತಿರೋ ಗಂಟು ಅಂತ ನಂಗೆ... ಡಾಕ್ಟರಮ್ಮ ಅವಳದು ಚಿಕ್ಕದು ಅಂತ ಹೇಳಲೇ ಇಲ್ಲವಲ್ಲ!"

"ಅವರವರ ಮೈಯ ವಿಷಯ ಅವರವರಿಗೆ ಹೇಳ್ತಾರೆ. ನಿಮಗೆ ಹೇಗೆ ಹೇಳ್ತಾರೆ? ಇನ್ನೊಂದು ವಿಷಯ. ಇದುವರೆಗೂ ಆ ಪರೀಕ್ಷೆ ತಪ್ಪಿರಲಿಲ್ಲ. ನಿಮ್ಮಿಂದ ತಪ್ಪಿತು. ನಾಳೆ ಸಂಜೆ ಕಮಿಟಿ ಕೂತು ಲ್ಯಾಬೊರೇಟರಿಗೆ ಬೀಗ ಹಾಕುತ್ತೆ. ತೀರ್ಮಾನ ಮಾಡೋರು ನಿಮ್ಮ ಯಜಮಾನರೇ. ಬೇಲೂರಿನ ಒಂದು ಹುಡುಗಿ ಊರೆಲ್ಲರ ಬಾಯಿಗೆ ಬಿದ್ದು ಓದಿ, ಇಂಥ ವಿದ್ಯೆಯನ್ನ ಅರಸೀಕೆರೆಗೆ ತಂದಳು. ಅವಳನ್ನ ನೀವು ಸುಳ್ಳುಗಾತಿ ಮಾಡಿದಿರಿ."

ಆ ಮಾತು ನಾಟಿತು. ಸಾವಿನ ಮಾತಿಗೆ ಬಗ್ಗದ ಹೆಂಗಸು ಈ ಮಾತಿಗೆ ತತ್ತರಿಸಿಹೋದರು.

"ಭಾಷ್ಯಂ ಅವರ ಮಗಳ ವಿಷಯ ನಾನು ವಾರಕ್ಕೊಂದು ಸಲವಾದರೂ ನಮ್ಮ ಹುಡುಗಿಯರಿಗೆ ಹೇಳ್ತೀನಿ," ಎಂದರು ಮೆಲ್ಲಗೆ. "ನೋಡಿ, ಪಕ್ಕದೂರಿನವಳು, ನಿಮ್ಮ ಹಾಗೇ ಲಂಗ ಉಟ್ಟು ಓಡಾಡಿದವಳು ಅಂತ. ಅವಳಿಗೇ ನಾನು ಹೀಗೆ ಮಾಡಿದೆನೇ?"

"ಇನ್ನೂ ಹೊತ್ತಿದೆ. ನಿಮ್ಮ ತೋಳು ಬೇಕು. ನಿಮ್ಮ ಹೆಸರಿನಲ್ಲೇ."

ದ್ರಾಕ್ಷಾಯಣಿ ಸೆರಗು ಬಿಗಿದುಕೊಂಡು ಸ್ಕೂಲಿನ ಕಡೆ ನಡೆದರು. ತರಗತಿಯ ಬಾಗಿಲಲ್ಲಿ ಅವರು ನಿಂತ ಕೂಡಲೇ ಹುಡುಗಿಯರ ಗುಜುಗುಜು ನಿಂತಿತು.

"ನಾಳೆಯಿಂದ ಕೆಲವು ದಿನ ನಾನು ಬರೋದಿಲ್ಲ. ನನ್ನ ಎದೆಯಲ್ಲಿ ಒಂದು ಗಂಟು ಎದ್ದಿದೆ. ಅದನ್ನ ಕುಯ್ಯಿಸಿಕೊಳ್ಳೋಕೆ ಹೋಗ್ತಿದ್ದೀನಿ."

ಮುಂದಿನ ಸಾಲಿನ ಹುಡುಗಿಯೊಬ್ಬಳು ನಾಚಿ ತಲೆ ತಗ್ಗಿಸಿದಳು.

"ತಲೆ ಎತ್ತೇ," ಎಂದರು ದ್ರಾಕ್ಷಾಯಣಿ. "ನನ್ನ ತಾಯಿ ತಲೆ ತಗ್ಗಿಸಿಕೊಂಡೇ ಸತ್ತಳು. ಎದೆ ಅನ್ನೋ ಮಾತನ್ನ ಡಾಕ್ಟರ ಮುಂದೆ ಬಾಯಿಬಿಟ್ಟು ಹೇಳೋಕೆ ನಾಚಿಕೊಂಡು ಸತ್ತಳು. ನೀವು ಯಾರೂ ಹಾಗೆ ಸಾಯಬಾರದು. ಟೀಚರು ಎಲ್ಲಿ ಹೋದರು ಅಂತ ಯಾರಾದರೂ ಕೇಳಿದರೆ ಪಿಸುಗುಟ್ಟಬೇಡಿ. ಗಟ್ಟಿಯಾಗಿ ಹೇಳಿ."

ತಲೆ ತಗ್ಗಿಸಿದ ಹುಡುಗಿಯೇ ಮೊದಲು ಎದ್ದು ನಿಂತಳು. ಬೆಂಚುಗಳು ಸರಿದ ಸದ್ದಾಯಿತು. ಯಾರೂ ಹೇಳಿಕೊಡದೆ ಇಡೀ ತರಗತಿ ಎದ್ದು ನಿಂತಿತ್ತು.

ಅನುಸೂಯಮ್ಮ ಹೊರಗೆ ಕಂಬದ ಮರೆಗೆ ಸರಿದು ಮೂಗು ಒರೆಸಿಕೊಂಡರು. ಜೈಲಮ್ಮ ಅಳುತ್ತಾರೆ ಎಂದು ಯಾರಿಗೂ ತಿಳಿಯಬೇಕಾಗಿರಲಿಲ್ಲ.

*

ಅರಸೀಕೆರೆಯಲ್ಲಿ ದೀಪ ಹಚ್ಚುವ ಹೊತ್ತು. ಸ್ಟೇಷನ್ನಿನ ಕಡೆಯಿಂದ ಇಂಜಿನ್ನಿನ ಹೊಗೆ ಆಸ್ಪತ್ರೆಯ ಹೆಂಚಿನ ಮೇಲೆ ತೇಲಿ ಬರುತ್ತಿತ್ತು. ಅಂಚೆ ಕಚೇರಿಯಿಂದ ಅನುಸೂಯಮ್ಮ ಮಾಡಿದ್ದ ಫೋನು ಜಯದೇವಪ್ಪನವರನ್ನು ಆಗಲೇ ಅಲ್ಲಿಗೆ ತಂದಿತ್ತು. ಮಂಡಿಯಿಂದ ಹಾಗೇ ಎದ್ದು ಬಂದಿದ್ದರು. ಕೋಟಿಗೆ ಕೊಬ್ಬರಿಯ ನಾರು ಅಂಟಿತ್ತು.

"ನಂಗ್ಯಾಕೆ ಹೇಳಲಿಲ್ಲ ದ್ರಾಕ್ಷಾಯಣಿ?"

"ಹೇಳಿದ್ದರೆ ನೀವು ಬಿಡ್ತಿರಲಿಲ್ಲ."

"ಬಿಡ್ತಿರಲಿಲ್ಲ," ಎಂದು ಅವರು ಒಪ್ಪಿಕೊಂಡರು. ಹೆಂಡತಿಯ ಚೀಲವನ್ನು ಕೈಗೆ ತೆಗೆದುಕೊಂಡು ಗೋಡೆಗೆ ಒರಗಿ ನಿಂತರು.

ಈ ಸಲ ರಕ್ತ ತೆಗೆದವಳು ಆಂಡಾಳ್. ಸೀಸೆಯ ಮೇಲೆ ಹೆಸರು ಬರೆದದ್ದು ದ್ರಾಕ್ಷಾಯಣಿಯವರೇ, ಬೋರ್ಡಿನ ಮೇಲೆ ಬರೆಯುವಂಥ ದುಂಡನೆಯ ಅಕ್ಷರದಲ್ಲಿ. ತಿಳಿ ಬೇರ್ಪಡಿಸಿದ್ದಾಯಿತು. ಬಿಸಿನೀರಿನ ತೊಟ್ಟಿಯಲ್ಲಿ ನಳಿಗೆ ಇಟ್ಟದ್ದಾಯಿತು. ದೊಡ್ಡ ಡಾಕ್ಟರು ಬೇಡ ಬೇಡವೆನ್ನುತ್ತಲೇ ಬಂದು ಆಂಡಾಳಳ ಹೆಗಲ ಹಿಂದೆ ನಿಂತಿದ್ದರು.

ಕಾಯುವಷ್ಟು ಹೊತ್ತು ಯಾರೂ ಕುರ್ಚಿಯಲ್ಲಿ ಕೂರಲಿಲ್ಲ.

ಆಂಡಾಳ್ ಕೊನೆಯ ದ್ರಾವಣವನ್ನು ಹನಿಸಿದಳು. ಎರಡು ನಳಿಗೆಗಳನ್ನು ದೀಪದ ಮುಂದೆ ಜೋಡಿಯಾಗಿ ಹಿಡಿದಳು. ಒಂದು ಅವಳದೇ ರಕ್ತದ್ದು, ಹೋಲಿಸಿ ನೋಡಲು. ಅದರಲ್ಲಿ ಕಂದು ಗಟ್ಟಿಯಾಗಿ ನಿಂತಿತು. ದ್ರಾಕ್ಷಾಯಣಿಯವರದರಲ್ಲಿ ಬಣ್ಣ ಹತ್ತಲೇ ಇಲ್ಲ. ಒಣಹುಲ್ಲಿನ ಹಾಗೆ ತೆಳ್ಳಗೆ ಉಳಿಯಿತು.

ಅನಂತಸ್ವಾಮಿ ನಳಿಗೆಯನ್ನು ಅವಳ ಕೈಯಿಂದ ಇಸಿದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಗುಂಪಿನ ಬಿಲ್ಲೆಯನ್ನೂ ನೋಡಿದರು. ಬಿ.

"ಕೈ ಹೇಳಿದ್ದನ್ನೇ ರಕ್ತವೂ ಹೇಳಿತು," ಎಂದರು ನಿಧಾನವಾಗಿ. "ಆಂಡಾಳ್, ನಾನು ಈ ಕೋಣೆ ಕೇಳೋದಿಲ್ಲಮ್ಮಾ. ಬಾಣಂತಿಯರಿಗೆ ನನ್ನ ಕೋಣೆ ಬಿಟ್ಟುಕೊಡ್ತೀನಿ. ಜಯದೇವಪ್ಪನವರೇ, ನಾಳೆ ಕಮಿಟಿಯಲ್ಲಿ ಮೊದಲು ಮಾತಾಡೋನು ನಾನು."

ಆಂಡಾಳಳ ಮುಖದಲ್ಲಿ ಮೂಡಿದ ಬೆಳಕನ್ನು ಕಂಡು ಅನುಸೂಯಮ್ಮನವರಿಗೆ, ಟ್ರಂಕು ಹೊತ್ತು ಬಸ್ಸಿನವರೆಗೆ ನಡೆದ ಆ ತಂದೆ ಇಲ್ಲಿರಬೇಕಾಗಿತ್ತು ಎನ್ನಿಸಿತು.

"ನಾಳೆ ಆಪರೇಷನ್ ನಿಮಗೆ ಮೇಡಂ," ಎಂದಳು ಆಂಡಾಳ್. "ಸುಲಭ ಅಂತ ನಾನು ಹೇಳೋದಿಲ್ಲ. ಹೊತ್ತು ಮೀರಿಲ್ಲ ಅಂತ ಮಾತ್ರ ಹೇಳ್ತೀನಿ. ಮುದ್ದಮ್ಮನ ಗಂಟನ್ನ ಮುಂದಿನ ಸಲ ಸಣ್ಣದಾಗಿ ಕುಯ್ದು ತೆಗೆಯೋಣ. ಕೂಸಿಗೆ ಹಾಲು ತಪ್ಪೋದಿಲ್ಲ."

ದ್ರಾಕ್ಷಾಯಣಿ ತೋಳಿನ ಹತ್ತಿಯನ್ನು ಒತ್ತಿಕೊಂಡು ಎದ್ದರು. "ನಿಮ್ಮ ಕೈ ಹಗುರ ಡಾಕ್ಟರಮ್ಮ. ಒಂದೇ ಸೀಸೆಗೆ ಬಿಟ್ಟುಬಿಟ್ಟಿರಿ. ಆವತ್ತಿನ ನರ್ಸು ಎರಡು ತುಂಬಿಸಿಕೊಂಡಿದ್ದಳು."

ನಳಿಗೆಗಳನ್ನು ತೊಳೆಯಲು ತಿರುಗಿದ್ದ ಆಂಡಾಳ್ ನಿಂತಳು.

"ಎರಡಾ?"

"ಹೌದು. ಒಂದು ಹೆಸರು ಅಂಟಿಸಿದ್ದು. ಇನ್ನೊಂದು ಬರೀ ಸೀಸೆ. ಅದನ್ನ ತನ್ನ ಚೀಲದಲ್ಲಿಟ್ಟುಕೊಂಡಳು. ಮುದ್ದಮ್ಮನ ಹತ್ತಿರವೂ ಹಾಗೇ ತೆಗೆದಳಲ್ಲ. ನೀವೇ ಹೇಳಿದ್ದು ಅಂದುಕೊಂಡೆ."

"ನಾನು ಒಂದೇ ಹೇಳಿದ್ದು." ಆಂಡಾಳ್ ದೊಡ್ಡ ಡಾಕ್ಟರ ಕಡೆ ತಿರುಗಿದಳು. "ಸಾರ್, ಆ ಬದಲಿ ನರ್ಸಿಗೆ ಎರಡನೇ ಸೀಸೆ ತೆಗೆಯೋಕೆ ನೀವೇನಾದರೂ..."

"ನಾನು ಯಾಕೆ ಹೇಳಲಿ? ಅವಳನ್ನ ಕರೆಸಿದವಳು ನೀನಲ್ಲವೇ?"

"ನಾನಾ? ಇಲ್ಲ ಸಾರ್. ನೀವು ಹಾಸನದಿಂದ ಕರೆಸಿದ್ದೀರಿ ಅಂತ ನಾನು..."

ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡುತ್ತ ನಿಂತರು. ಜಯದೇವಪ್ಪನವರು ಗೋಡೆ ಬಿಟ್ಟು ಮುಂದೆ ಬಂದರು. "ಕಮಿಟಿಯೂ ಯಾರನ್ನೂ ಕಳಿಸಿಲ್ಲ," ಎಂದರು.

ಅನುಸೂಯಮ್ಮನವರಿಗೆ ಆಗ ಹೊಳೆಯಿತು. ತೋಳು ಬದಲಾದದ್ದನ್ನು ಹುಡುಕಿದ ಸಂಭ್ರಮದಲ್ಲಿ ತಾವು ಸೂಜಿ ಹಿಡಿದ ಕೈಯನ್ನೇ ನೋಡದೆ ಬಿಟ್ಟಿದ್ದರು. ಯಾರೂ ಕರೆಯದೆ ಬಂದು, ಗಂಟಿದ್ದ ಹೆಂಗಸರ ರಕ್ತವನ್ನಷ್ಟೇ ತೆಗೆದುಕೊಂಡು ಹೋದ ಆ ಹೆಂಗಸು ಯಾರು?

"ಮುದ್ದಮ್ಮಾ!" ಎಂದು ಕೂಗುತ್ತ ಅವರು ವಾರ್ಡಿಗೆ ನುಗ್ಗಿದರು.

ಮುದ್ದಮ್ಮ ಕೂಸನ್ನು ಹೆಗಲಿಗೆ ಹಾಕಿಕೊಂಡು ತಟ್ಟುತ್ತಿದ್ದಳು.

"ಆವತ್ತು ರಕ್ತ ತೆಗೆದ ನರ್ಸು ನೆನಪಿದಾಳಾ? ಹೇಗಿದ್ದಳು? ಈ ಊರಿನವಳಾ?"

ಮುದ್ದಮ್ಮ ಅವರನ್ನು ವಿಚಿತ್ರವಾಗಿ ನೋಡಿದಳು.

"ನೆಪ್ಪು ಯಾಕವ್ವ ಮಾಡ್ಕೋಬೇಕು? ಈಗ ತಾನೇ ಬಂದು ಇನ್ನೊಂದು ಸೀಸೆ ತಕ್ಕೊಂಡು ಹೋದ್ರಲ್ಲ," ಎನ್ನುತ್ತ ತೋಳನ್ನು ಮುಂದೆ ಚಾಚಿದಳು.

ಹತ್ತಿಯ ಉಂಡೆಯಿಂದ ಹಸಿ ರಕ್ತ ಇನ್ನೂ ಜಿನುಗುತ್ತಿತ್ತು. ಹಿತ್ತಲ ಬಾಗಿಲು ಗಾಳಿಗೆ ಬಡಿದುಕೊಳ್ಳುತ್ತಿತ್ತು.